ಲಾಳಿ ಬಡಿದ ಕಣ್ಣು

೨೦೦೪ನೆಯ ಇಸವಿ, ಡಿಸೆಂಬರ್ ತಿಂಗಳ ಒಂದು ಬುಧವಾರ. ಬೆಳಿಗ್ಗೆ ಒಂಬತ್ತು ಗಂಟೆ ಇಪ್ಪತ್ತು ನಿಮಿಷ. ಸ್ಥಳ ಬನಹಟ್ಟಿ, ನಾನು ಕಣ್ಣಿನ ಸಹಾಯಕನಾಗಿದ್ದ ಚಿಕ್ಕ ಆಸ್ಪತ್ರೆ. ಹಾಜರಿದ್ದವರು: ನಾನು, ಮುಖದ ಎಡಭಾಗಕ್ಕೆ ಟವೆಲ್ ಅದುಮಿ ಹಿಡಿದುಕೊಂಡಿದ್ದ ಮೂವತ್ತರ ಆಸುಪಾಸಿನ ಒಬ್ಬ ನೇಕಾರ, ಅವನ ಹೆಂಡತಿ, ಅವರನ್ನು ಜೀಪಿನಲ್ಲಿ ಕರೆತಂದ ಅವರದೇ ಓಣಿಯ ಡ್ರೈವರ್.

ಗಂಟೆ ನಿಮಿಷಗಳು ನನ್ನ ಡೈರಿಯಲ್ಲಿವೆ. ಉಳಿದದ್ದು ನೆನಪಿನಲ್ಲಿದೆ.

ನನಗೆ ಕೆಲಸ ಕಲಿಸಿದ ಹಿರಿಯರು ಒಂದು ಪದ್ಧತಿ ಹಾಕಿಕೊಟ್ಟಿದ್ದರು. ಕೈ ತೊಳೆಯಬೇಕು, ನೋಡಬೇಕು, ಬರೆಯಬೇಕು, ಆಮೇಲೆ ಮಾತಾಡಬೇಕು. ಸೇವೆಯಲ್ಲಿ ಇದ್ದಷ್ಟು ವರ್ಷ ಅದನ್ನೇ ನಡೆಸಿದೆ. ಜನ ನನ್ನನ್ನು ಡಾಕ್ಟರ್ ಎಂದೇ ಕರೆಯುತ್ತಿದ್ದರು. ಅಲ್ಲವೆಂದು ಹೇಳಿ ಹೇಳಿ ಬಿಟ್ಟುಬಿಟ್ಟಿದ್ದೆ. ಕನ್ನಡಕದ ನಂಬರು ತೆಗೆಯುವುದು, ಕಣ್ಣಿಗೆ ಬಿದ್ದ ಕಸ ತೆಗೆಯುವುದು, ಪೊರೆ ಬಂದವರನ್ನು ಹುಡುಕಿ ಜಮಖಂಡಿಯಲ್ಲೋ ಮುಧೋಳದಲ್ಲೋ ಬೀಳಗಿಯಲ್ಲೋ ನಡೆಯುವ ಶಿಬಿರಕ್ಕೆ ಕರೆತರುವುದು, ಇಷ್ಟೇ ನನ್ನ ಕೆಲಸ. ಕತ್ತರಿ ಹಿಡಿಯುವ ಅಧಿಕಾರ ನನಗಿರಲಿಲ್ಲ.

ಆ ನೇಕಾರ ವಿದ್ಯುತ್ ಮಗ್ಗದ ಶೆಡ್ಡಿನಲ್ಲಿ ಕೆಲಸ ಮಾಡುತ್ತಿದ್ದ. ಮಗ್ಗದಲ್ಲಿ ನೂಲು ಹೊತ್ತು ಅತ್ತಿಂದಿತ್ತ ಓಡುವ ಕಟ್ಟಿಗೆಯ ಲಾಳಿಯ ಎರಡೂ ತುದಿಗೆ ಉಕ್ಕಿನ ಮೊನೆ ಇರುತ್ತದೆ. ಸರಿಯಾಗಿ ನಡೆದಾಗ ಅದು ಓಡುವುದೇ ಕಾಣುವುದಿಲ್ಲ. ಹಳಿ ತಪ್ಪಿದರೆ ಶೆಡ್ಡಿನ ಗೋಡೆಯವರೆಗೂ ಹಾರುತ್ತದೆ. ಅವನು ತನ್ನ ಮಗ್ಗದಲ್ಲಿ ಹರಿದ ಎಳೆಯೊಂದನ್ನು ಗಂಟು ಹಾಕಲು ಬಗ್ಗಿದ್ದ. ಪಕ್ಕದ ಮಗ್ಗದ ಲಾಳಿ ಹಾರಿ ಬಂದು ಬಡಿಯಿತು.

"ಟವೆಲ್ ತಗಿ. ಒತ್ತಬ್ಯಾಡ. ಒತ್ತಬ್ಯಾಡ ಅಂದ್ನೆಲ್ಲ!" ಎಂದೆ.

"ರಕ್ತ ನಿಲ್ಲಲಿ ಅಂತ ನಾನ ಗಟ್ಟಿ ಹಿಡಿ ಅಂದೇನ್ರಿ..." ಹೆಂಡತಿ ಶುರುಮಾಡಿದಳು.

"ನೀ ಬಾಯಿ ಮುಚ್ಚವಾ. ಕೇಳಿದಾಗ ಅಷ್ಟ ಮಾತಾಡು."

ಆಕೆ ಸುಮ್ಮನಾದಳು. ಆ ಮಾತನ್ನು ನಾನು ಡೈರಿಯಲ್ಲಿ ಬರೆದಿಲ್ಲ.

ಟವೆಲ್ ತೆಗೆದಾಗ ನೋಡಿದ್ದನ್ನು ಬರೆದಿದ್ದೇನೆ. ರೆಪ್ಪೆ ಊದಿತ್ತು. ಒತ್ತದೆ, ಹುಬ್ಬಿನ ಎಲುಬಿನ ಮೇಲೆ ಬೆರಳಿಟ್ಟು ರೆಪ್ಪೆಯನ್ನು ಸ್ವಲ್ಪವೇ ಎತ್ತಿದೆ. ಕಣ್ಣಿನ ಮುಂಭಾಗ ಅಡ್ಡಕ್ಕೆ ಸೀಳಿತ್ತು. ದುಂಡಗಿರಬೇಕಾದ ಪಾಪೆ ಸೀಳಿನ ಕಡೆಗೆ ಚೂಪಾಗಿ ಎಳೆದುಕೊಂಡಿತ್ತು. ಸೀಳಿನ ಬಾಯಲ್ಲಿ ಒಳಗಿನ ಕಂದು ಪದರು ಇಣುಕುತ್ತಿತ್ತು. ಮುಂದೆ ನೋಡಲಿಲ್ಲ. ರೆಪ್ಪೆ ಬಿಟ್ಟೆ. ಒಡೆದ ಕಣ್ಣನ್ನು ಹೆಚ್ಚು ನೋಡಿದಷ್ಟೂ ಹಾಳು.

ಅವನ ಬಲಗಣ್ಣು ಮುಚ್ಚಿಸಿ, ಬ್ಯಾಟರಿಯ ಬೆಳಕು ಬಿಟ್ಟು ಕೇಳಿದೆ: "ಬೆಳಕ ಎಲ್ಲಿಂದ ಬರತೈತಿ ಹೇಳು."

"ಮ್ಯಾಲಿಂದ್ರಿ. ಈಗ ಕಿವಿ ಕಡಿಂದ... ಈಗ ಮೂಗಿನ ಕಡಿಂದ... ಈಗ ಕೆಳಗಿಂದ್ರಿ."

ನಾಲ್ಕೂ ಸರಿ. ಇದು ದೊಡ್ಡ ಮಾತು. ಬೆಳಕು ಯಾವ ದಿಕ್ಕಿನದೆಂದು ತಿಳಿಯುವ ಕಣ್ಣಿಗೆ ಒಳಗಿನ ಪರದೆ ಇನ್ನೂ ಕೆಲಸ ಮಾಡುತ್ತಿರುತ್ತದೆ. ಬೇಗ ಹೊಲಿದರೆ ಸ್ವಲ್ಪವಾದರೂ ದೃಷ್ಟಿ ಉಳಿಯುವ ಸಾಧ್ಯತೆ ಇರುತ್ತದೆ.

ಆಸ್ಪತ್ರೆಯ ವೈದ್ಯರು ಬಂದು ನೋಡಿದರು. ಧನುರ್ವಾಯುವಿನ ಚುಚ್ಚುಮದ್ದು, ಕೀವಾಗದಂತೆ ಒಂದು, ವಾಂತಿಯಾಗದಂತೆ ಒಂದು. ಕಣ್ಣಿಗೆ ಯಾವ ಹನಿಯೂ ಇಲ್ಲ, ಮುಲಾಮೂ ಇಲ್ಲ, ತೊಳೆಯುವುದೂ ಇಲ್ಲ. ನಾನು ಕಾಗದದ ಚಹಾ ಕಪ್ಪಿನ ತಳ ಕತ್ತರಿಸಿ, ಕಣ್ಣಿಗೆ ತಾಗದಂತೆ ಕಮಾನಾಗಿಟ್ಟು, ಹಣೆಗೆ ಮತ್ತು ಕೆನ್ನೆಗೆ ಪಟ್ಟಿ ಅಂಟಿಸಿದೆ. ವೈದ್ಯರು ಬಾಗಲಕೋಟೆಯ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದು, "ನೀವ ಸಂಗಡ ಹೋಗ್ರಿ" ಎಂದರು. ನಾನು ಚೀಟಿಯ ಕೆಳಗೆ ನನ್ನ ಕೈಯಿಂದಲೇ ಒಂದು ಸಾಲು ಸೇರಿಸಿದೆ: ಬೆಳಿಗ್ಗೆ ಏಳೂವರೆಗೆ ಚಹಾ, ಆಮೇಲೆ ಏನೂ ಇಲ್ಲ. ಗಂಡ ಹೆಂಡತಿ ಇಬ್ಬರಿಗೂ ಹೇಳಿದೆ, "ಇನ್ನ ನಾ ಹೇಳೂ ತನಕ ಹನಿ ನೀರೂ ಇಲ್ಲ." ಯಾಕೆಂದು ಹೇಳಲಿಲ್ಲ. ಯಾಕೆಂದು ಹೇಳುವ ರೂಢಿ ನನಗಿರಲಿಲ್ಲ.

ಒಂಬತ್ತು ಐವತ್ತಕ್ಕೆ ಹೊರಟೆವು. ನೇಕಾರನನ್ನು ಮುಂದಿನ ಸೀಟಿನಲ್ಲಿ ಒರಗಿಸಿ ಕೂರಿಸಿದ್ದೆ. ಹಿಂದೆ ನಾನು ಮತ್ತು ಹೆಂಡತಿ. ಮಹಾಲಿಂಗಪುರ ದಾಟಿದೆವು. ಆಮೇಲೆ ನೇಕಾರನೇ ಬಾಯಿ ತೆರೆದ.

"ಡಾಕ್ಟರ್ರ, ಒಂದ ಕಣ್ಣಿದ್ದಾವರಿಗೆ ಎಳಿ ಅರ್ಧ ಕಾಣಸ್ತಾವೇನ್ರಿ?"

ಡ್ರೈವರ್ ಬಿಡಲಿಲ್ಲ. "ಎರಡ ಕಣ್ಣಿದ್ದಾಗ ನೀ ಏನ್ ಭಾಳ ನೋಡಿದ್ದೀಲೇ? ಮೊನ್ನಿ ನನ್ನ ತಂಗಿಗೆ ಕೊಟ್ಟ ಸೀರಿ ಸೆರಗಿನ್ಯಾಗ ಬೆರಳ ಹೋಗೂವಷ್ಟ ಸಂದ ಬಿಟ್ಟಿದ್ದಿ."

ನೇಕಾರನ ಭುಜ ಕುಲುಕಿತು. ನಾನು ಹಿಂದಿನಿಂದ ಗದರಿಸಿದೆ. "ಅವನ್ನ ನಗಿಸಬ್ಯಾಡ. ನಕ್ಕರೂ ಕಣ್ಣಿಗೆ ಒತ್ತಡ ಬರತೈತಿ."

"ಉಣ್ಣಂಗಿಲ್ಲ, ಕುಡಿಯಂಗಿಲ್ಲ, ನಗಂಗಿಲ್ಲ. ಸಾಹೇಬ್ರ, ಉಸರರ ಆಡಬಹುದೇನ್ರಿ?"

"ಸಾವಕಾಶ ಆಡಬಹುದು" ಎಂದೆ. ಹೆಂಡತಿ ಆ ದಿನ ಒಮ್ಮೆ ಮಾತ್ರ ನಕ್ಕಳು. ಅದು ಆಗ.

ನಗೆಯ ಹಿಂದೆಯೇ ಕೆಮ್ಮು ಬಂತು. ಶೆಡ್ಡಿನಲ್ಲಿ ವರ್ಷಗಟ್ಟಲೆ ಹತ್ತಿಯ ಧೂಳು ಕುಡಿದವರ ಒಣಕೆಮ್ಮು. ಅವನು ಕೈಯಿಂದ ಬಾಯಿ ಮುಚ್ಚಿ ತಡೆದುಕೊಂಡ. ತಡೆದುಕೊಂಡರೆ ಒತ್ತಡ ಇನ್ನೂ ಹೆಚ್ಚು. ಬಾಯಿ ತೆರೆದು ಸಣ್ಣಗೆ ಕೆಮ್ಮು ಎಂದು ಹೇಳಿಕೊಟ್ಟೆ. ಅದಕ್ಕಿಂತ ಹೆಚ್ಚೇನೂ ನನಗೆ ಗೊತ್ತಿರಲಿಲ್ಲ.

ಮುಧೋಳದಲ್ಲಿ ನಿಲ್ಲಿಸಬೇಕೆಂದು ಅವರು ಮೊದಲೇ ಕೇಳಿದ್ದರು. ಅವನ ಅಕ್ಕ ಅಲ್ಲಿದ್ದಳು. ತಾಯಿ ತೀರಿಕೊಂಡ ಮೇಲೆ ಅವನನ್ನು ಸಾಕಿದವಳು ಅವಳೇ. ಆಕೆಯ ಗಂಡ ಆಸ್ಪತ್ರೆಯಲ್ಲಿ ಉಳಿಯಲು ಜೊತೆಗೆ ಬರಬೇಕಿತ್ತು. ಹತ್ತೂ ಮುಕ್ಕಾಲಿಗೆ ಆ ಓಣಿಯ ಬಾಯಿಗೆ ಜೀಪು ನಿಂತಿತು. "ಐದ ನಿಮಿಷ. ಮಾವ ಹತ್ತಿದ ಕೂಡಲೆ ಹೊರಡೂದು" ಎಂದು ಹೇಳಿ ನಾನು ಎದುರಿಗಿದ್ದ ಫೋನ್ ಅಂಗಡಿಗೆ ಹೋದೆ. ಬಾಗಲಕೋಟೆಯ ಕಣ್ಣಿನ ವಿಭಾಗಕ್ಕೆ ಮೊದಲೇ ತಿಳಿಸಿದರೆ ಆಪರೇಷನ್ ಕೋಣೆ ತಯಾರಾಗಿರುತ್ತದೆ, ಅರ್ಧ ತಾಸು ಉಳಿಯುತ್ತದೆ ಎಂಬುದು ನನ್ನ ಲೆಕ್ಕ. ಡ್ರೈವರ್ ಇಂಜಿನ್ನಿಗೆ ನೀರು ತರಲು ಹೋದ.

ಫೋನು ಹತ್ತಲಿಲ್ಲ. ಐದನೆಯ ಸಲಕ್ಕೆ ಹತ್ತಿತು. ಅತ್ತಲಿಂದ ಕಣ್ಣಿನ ಡಾಕ್ಟರಮ್ಮನೇ ಸಿಕ್ಕರು. ವಿವರ ಹೇಳಿದೆ. "ಬೆಳಕು ನಾಕೂ ದಿಕ್ಕಿಗೆ ತಿಳೀತದ? ಛಲೋ ಆತು, ಲಗೂನ ಬರ್ರಿ. ಒಂದೂವರೆಗೆ ತಗೋತೀವಿ" ಎಂದರು. ನಾನು ಹೆಮ್ಮೆಯಿಂದಲೇ ತಿರುಗಿ ಬಂದೆ.

ಜೀಪಿನ ಹತ್ತಿರ ಅಕ್ಕ ನಿಂತಿದ್ದಳು. ಅತ್ತು ಕಣ್ಣು ಕೆಂಪಾಗಿದ್ದವು. ಒಂದು ಕೈ ತಮ್ಮನ ತಲೆಯ ಮೇಲಿತ್ತು. ಇನ್ನೊಂದು ಕೈಯಲ್ಲಿ ಸ್ಟೀಲಿನ ಬಟ್ಟಲು, ಚಮಚ. "ನೀವೂ ಒಂದ ಗುಟಕ ಚಾ ಕುಡದ ಹೋಗ್ರಿ ಅಣ್ಣಾರ" ಎಂದಳು. "ಹೊತ್ತಿಲ್ಲವಾ" ಎಂದೆ. ಬಟ್ಟಲನ್ನು ನಾನು ನೋಡಿದೆ. ನೋಡಿಯೂ ಏನೂ ಅಂದುಕೊಳ್ಳಲಿಲ್ಲ. ನೋಡಬೇಕು, ಬರೆಯಬೇಕು ಎಂದು ಕಲಿತವನು ಆ ಬಟ್ಟಲನ್ನು ಬರೆಯಲಿಲ್ಲ. ಮಾವ ಹತ್ತಿದ ಮೇಲೆ, ಹನ್ನೊಂದು ಗಂಟೆ ಐದು ನಿಮಿಷಕ್ಕೆ ಮುಧೋಳ ಬಿಟ್ಟೆವು ಎಂದಷ್ಟೇ ಬರೆದೆ.

ಹನ್ನೆರಡೂವರೆಗೆ ಬಾಗಲಕೋಟೆ ತಲುಪಿದೆವು. ಡಾಕ್ಟರಮ್ಮ ಹೇಳಿದಂತೆ ಎಲ್ಲ ತಯಾರಿತ್ತು. ರಕ್ತ ಪರೀಕ್ಷೆ, ಎಕ್ಸ್‌ರೇ ಆಯಿತು. ಕಣ್ಣಿನೊಳಗೆ ಲೋಹದ ಚೂರಿಲ್ಲ ಎಂದು ಖಚಿತವಾಯಿತು. ಹೊಲಿಯಲಾಗದಷ್ಟು ಒಳಗೆ ಹಾಳಾಗಿದ್ದರೆ ಕಣ್ಣನ್ನೇ ತೆಗೆಯಬೇಕಾಗಬಹುದು ಎಂಬ ಒಪ್ಪಿಗೆಯ ಕಾಗದಕ್ಕೆ ನೇಕಾರ ತಡವರಿಸುತ್ತ ಸಹಿ ಮಾಡಿದ. ಒಂದೂ ಇಪ್ಪತ್ತಕ್ಕೆ ಅವನನ್ನು ಗಾಲಿಮಂಚದಲ್ಲಿ ಬಾಗಿಲವರೆಗೆ ತಂದರು. ಅರಿವಳಿಕೆಯ ಡಾಕ್ಟರು ಚೀಟಿ ನೋಡಿ ಕೇಳಿದರು, "ಮುಂಜಾನಿ ಚಾ ಬಿಟ್ರ ಏನೂ ತಿಂದಿಲ್ಲ?"

"ಇಲ್ರಿ" ಎಂದೆ, ನಾನು. ಅವನನ್ನು ಕೇಳಿದ್ದರು. ಉತ್ತರ ಕೊಟ್ಟವನು ನಾನು.

ಹೆಂಡತಿ ನನ್ನ ಮುಖ ನೋಡಿದಳು. ಬಾಯಿ ತೆರೆದಳು, ಮುಚ್ಚಿದಳು. ಮಂಚದ ಗಾಲಿ ಹೊಸ್ತಿಲು ದಾಟುತ್ತಿತ್ತು. ಆಗ ಆಕೆ ಓಡಿಹೋಗಿ ಮಂಚದ ಕಂಬಿ ಹಿಡಿದಳು.

"ರೊಟ್ಟಿ ತಿಂದಾರ್ರಿ. ಮುಧೋಳದಾಗ. ಹಾಲಿನ್ಯಾಗ ನೆನಸಿದ ರೊಟ್ಟಿ. ಒಂದ ಬಟ್ಟಲ."

ಎಲ್ಲರೂ ನಿಂತರು. ಅರಿವಳಿಕೆಯ ಡಾಕ್ಟರು ಮೆಲ್ಲಗೆ ಕೇಳಿದರು, "ಯಾವಾಗವಾ?"

"ಇವ್ರು ಫೋನ್ ಮಾಡಾಕ ಹೋದಾಗ್ರಿ."

"ಇಷ್ಟೊತ್ತ ಯಾಕ ಹೇಳಲಿಲ್ಲ?" ಎಂದು ನಾನು ಕೂಗಿದೆ.

"ಕೇಳಿದಾಗ ಅಷ್ಟ ಮಾತಾಡು ಅಂದಿದ್ರೆಲ್ರಿ." ಆಕೆ ಚುಚ್ಚಿ ಆಡಿದ ಮಾತಲ್ಲ ಅದು. ಹೇಳಿದಂತೆ ನಡೆದುಕೊಂಡಿದ್ದಳು, ಅಷ್ಟೇ.

ಮಂಚದ ಮೇಲಿಂದ ನೇಕಾರ ಹೇಳಿದ, "ಆಕಿಗೆ ಬೈಬ್ಯಾಡ್ರಿ. ನಮ್ಮಕ್ಕ ಚಮಚ ಬಾಯಿಗೆ ಹಿಡದ್ಲು. ಅಗಿಯೂದ ಬ್ಯಾಡ, ನುಂಗು ಅಂದ್ಲು. ಒಲ್ಲೆ ಅನ್ನಾಕ ಆಗಲಿಲ್ರಿ."

ಅಲ್ಲಿಯವರೆಗೆ ಗೋಡೆಗೆ ಒರಗಿ ನಿಂತಿದ್ದ ಮಾವ, ಅಕ್ಕನ ಗಂಡ, ಮುಂದೆ ಬಂದ. ಕಡಿಮೆ ಮಾತಿನ ಮನುಷ್ಯ. "ತಪ್ಪ ತಿಳೀಬ್ಯಾಡ್ರಿ ಸಾಹೇಬ್ರ. ಹ್ವಾದ ವರ್ಷ ನಮ್ಮವ್ವನ ಕಣ್ಣಿನ ಪರಿ ತಗಸೂ ಮುಂದ ಮುಧೋಳ ಕ್ಯಾಂಪಿನ್ಯಾಗ ನೀವ ಹೇಳಿದ್ರಿ. ಉಂಡ ಬರ್ರಿ, ಬರಿಹೊಟ್ಟಿಲೆ ಬಂದ್ರ ಆಪರೇಷನ್ ಇಲ್ಲ ಅಂತ. ನಮ್ಮ ಮನ್ಯಾಕಿ ಅದನ್ನ ನೆನಪಿಟ್ಟಾಳ."

ಹೌದು, ಹೇಳಿದ್ದೆ. ಪ್ರತಿ ಶಿಬಿರದಲ್ಲೂ ಧ್ವನಿವರ್ಧಕದಲ್ಲಿ ಹೇಳುತ್ತಿದ್ದೆ. ಪೊರೆಯ ಶಸ್ತ್ರಚಿಕಿತ್ಸೆಗೆ ಕಣ್ಣಿನ ಪಕ್ಕದಲ್ಲಿ ಮಾತ್ರ ಮರಗಟ್ಟಿಸುವ ಸೂಜಿ ಹಾಕುತ್ತಾರೆ. ಹಸಿದು ಬಂದ ಮುದುಕರು ತಲೆತಿರುಗಿ ಬೀಳುತ್ತಾರೆ. ಅದಕ್ಕೇ ಉಂಡು ಬನ್ನಿ ಎನ್ನುತ್ತಿದ್ದೆ. ಒಡೆದ ಕಣ್ಣಿಗೆ ಆ ಸೂಜಿ ಹಾಕಲು ಬರುವುದಿಲ್ಲ. ಔಷಧ ಹಿಂದಿನಿಂದ ಒತ್ತಿ ಒಳಗಿದ್ದದ್ದನ್ನೆಲ್ಲ ಸೀಳಿನಿಂದ ಹೊರಗೆ ತಳ್ಳುತ್ತದೆ. ಆದ್ದರಿಂದ ಪೂರ್ತಿ ಎಚ್ಚರ ತಪ್ಪಿಸಲೇಬೇಕು. ಎಚ್ಚರ ತಪ್ಪಿದವನ ಹೊಟ್ಟೆಯಲ್ಲಿ ಅನ್ನವಿದ್ದರೆ ಅದು ಮೇಲೆ ಬಂದು ಶ್ವಾಸಕೋಶ ಸೇರಿ ಜೀವವೇ ಹೋಗಬಹುದು. ಇವೆರಡೂ ನನಗೆ ಗೊತ್ತಿದ್ದವು. ಆ ಹೆಣ್ಣುಮಗಳಿಗೆ ನಾನು ಒಂದನ್ನು ಮಾತ್ರ ಕಲಿಸಿದ್ದೆ.

ಇಬ್ಬರು ಡಾಕ್ಟರರು ಬಾಗಿಲ ಬಳಿ ನಿಂತು ಮಾತಾಡಿಕೊಂಡರು. ಅರಿವಳಿಕೆಯವರು ಬಂದು ಹೇಳಿದರು, "ಆರು ತಾಸು ಆಗಬೇಕ್ರಿ. ಐದಕ್ಕ ತಗೋಳೂನು. ಕಣ್ಣಿಗೋಸ್ಕರ ಜೀವ ಪಣಕ್ಕ ಇಡಾಕ ಬರೂದಿಲ್ಲ." ಅವರು ಹೇಳಿದ್ದು ಸರಿಯಾಗಿತ್ತು. ಡಾಕ್ಟರಮ್ಮನೂ ತಲೆಯಾಡಿಸಿದರು. ಮಂಚವನ್ನು ತಿರುಗಿಸಿ ವಾರ್ಡಿಗೆ ತಂದೆವು.

ಒಂದೂವರೆಯಿಂದ ಐದರವರೆಗೆ ಮಾಡಲು ಕೆಲಸವಿರಲಿಲ್ಲ. ತಲೆದಿಂಬು ಎತ್ತರಿಸಿದ್ದಾಯಿತು. ಸಲೈನಿನಲ್ಲಿ ಔಷಧ ಹೋಗುತ್ತಿತ್ತು. ವಾಂತಿಯಾಗದಂತೆ ಇನ್ನೊಂದು ಸೂಜಿ ಕೊಟ್ಟಾಯಿತು. ಕಾಗದದ ಕಪ್ಪಿನ ಬದಲು ತಗಡಿನ ಕವಚ ಬಂತು. ನಾನು ಸ್ಟೂಲಿನ ಮೇಲೆ ಕೂತೆ. ಅಲ್ಲಿಯವರೆಗೆ ನನ್ನ ಬದುಕಿನಲ್ಲಿ ಕೆಲಸವಿಲ್ಲದೆ ಮೂರೂವರೆ ತಾಸು ಒಂದೇ ಕಡೆ ಕೂತ ನೆನಪಿಲ್ಲ.

ಕೆಮ್ಮು ಬರುತ್ತಿತ್ತು. ಪ್ರತಿ ಸಲವೂ ಅವನು ಬಾಯಿ ತೆರೆದು ಸಣ್ಣಗೆ ಕೆಮ್ಮಲು ನೋಡುತ್ತಿದ್ದ. ಪ್ರತಿ ಸಲವೂ ಎದೆಯಿಂದ ದೊಡ್ಡದೊಂದು ಎದ್ದು ಬರುತ್ತಿತ್ತು. ಹೆಂಡತಿ ಅವನ ಎದೆಯ ಮೇಲೆ ಅಂಗೈ ಇಡುತ್ತಿದ್ದಳು. ನಾನು ಗೋಡೆಯ ಗಡಿಯಾರ ನೋಡುತ್ತಿದ್ದೆ.

ಮೂರು ಗಂಟೆಗೆ ಡ್ಯೂಟಿಯ ಡಾಕ್ಟರು ಬಂದು ಕವಚ ತೆಗೆದು ಬೆಳಕು ಬಿಟ್ಟು ಕೇಳಿದರು.

"ಮ್ಯಾಲಿಂದ್ರಿ... ಕಿವಿ ಕಡಿಂದ್ರಿ... ಕೆಳಗಿಂದ್ರಿ." ಮೂಗಿನ ಕಡೆಯ ಬೆಳಕಿಗೆ ಸುಮ್ಮನಿದ್ದ. "ಈಗ ಬಿಟ್ಟೀರೇನ್ರಿ?" ಎಂದು ಕೇಳಿದ.

ಮಾವ ಹೊರಗೆ ಹೋಗಿ ನಿಂತ. ಕಿಟಕಿಯಾಚೆ ನವನಗರದ ಅಗಲ ರಸ್ತೆ, ಕಟ್ಟುತ್ತಿದ್ದ ಮನೆಗಳು. ಹಳೇ ಊರು ಅಣೆಕಟ್ಟಿನ ಹಿನ್ನೀರಿಗೆ ಬಿಟ್ಟು ಬಂದವರ ಹೊಸ ಮನೆಗಳ ಗಿಲಾವಿನ ಸದ್ದು ಒಂದೇ ಸಮನೆ ಕೇಳುತ್ತಿತ್ತು.

"ಡಾಕ್ಟರ್ರ, ನೀವ ಹೋಗಿ ಉಂಡ ಬರ್ರಿ" ಎಂದ ನೇಕಾರ. "ನನ್ನ ಸಂಗಡ ನೀವ್ಯಾಕ ಉಪಾಸ?"

"ಹಸಿವಿಲ್ಲ."

"ನಂದರ ಊಟ ಆಗೇತಿ. ನಿಮ್ದ ನೋಡ್ರಿ."

ಅವನ ದನಿಯಲ್ಲಿ ಚೇಷ್ಟೆ ಇತ್ತು. ನನ್ನನ್ನು ಸಮಾಧಾನ ಮಾಡುತ್ತಿದ್ದ. ಹೆಂಡತಿಯ ಕಡೆ ತಿರುಗಿ, "ಮುಂಜಾನೆ ನಿನಗ ಹಂಗ ಅನ್ನಬಾರದಿತ್ತವಾ" ಎಂದೆ. ಆಕೆ "ಇರಲಿ ಬಿಡ್ರಿ" ಎಂದು ಅವನ ಹೊದಿಕೆ ಸರಿಮಾಡಿದಳು.

ನಾಲ್ಕೂ ನಲವತ್ತಕ್ಕೆ ಮತ್ತೆ ಬೆಳಕು ಬಿಟ್ಟರು. ಮೇಲಿಂದ ಬಂದದ್ದು ಮಾತ್ರ ತಿಳಿಯಿತು. ಅದನ್ನೂ ಎರಡು ಸಲ ಕೇಳಿದ ಮೇಲೆ ಹೇಳಿದ. ನನ್ನ ಅಂಗಿಯ ಜೇಬಿನಲ್ಲಿ ಬ್ಯಾಟರಿ ಇತ್ತು. ನಾನೊಮ್ಮೆ ಬಿಟ್ಟು ನೋಡಲೇ ಅನ್ನಿಸಿತು. ನೋಡಿ ಮಾಡುವುದೇನಿತ್ತು?

ಸರಿಯಾಗಿ ಐದಕ್ಕೆ ಒಳಗೆ ಕರೆದೊಯ್ದರು. ಏಳು ಗಂಟೆಗೆ ಐದು ನಿಮಿಷ ಇರುವಾಗ ಡಾಕ್ಟರಮ್ಮ ಹೊರಗೆ ಬಂದರು. ಮಾವ, ಹೆಂಡತಿ, ನಾನು ಎದ್ದು ನಿಂತೆವು.

"ಕಣ್ಣ ತಗದಿಲ್ರಿ. ಹರದಿದ್ದನ್ನ ಎಲ್ಲಾ ಹೊಲದೇವಿ. ಕಣ್ಣಿನ ಆಕಾರ ಉಳೀತದ. ಒಳಗಿನ ಮಸೂರ ಮೊದಲ ಒಡದ ಹೋಗಿತ್ತು. ಹಿಂದಿನ ಪರದೆ ಮ್ಯಾಲ ರಕ್ತ ತುಂಬೇದ, ಪರದೆನೂ ಕಿತ್ತಂಗ ಕಾಣಸ್ತದ. ದೃಷ್ಟಿ ಬಗ್ಗೆ ಆಸೆ ಇಡಬ್ಯಾಡ್ರಿ."

ನಾನು ಕೇಳಿದೆ, "ಒಂದೂವರೆಗೆ ಆಗಿದ್ರ ಉಳೀತಿತ್ತೇನ್ರಿ?"

ಅವರು ಟೋಪಿ ತೆಗೆದು ಕೈಯಲ್ಲಿ ಮಡಚಿದರು. "ಹೇಳಾಕ ಬರೂದಿಲ್ರಿ. ಲಾಳಿ ಬಡಿದಾಗ ಆದದ್ದೆಷ್ಟೋ, ಆಮ್ಯಾಲ ಆದದ್ದೆಷ್ಟೋ."

"ಬೆಳಕ ನಾಕೂ ಕಡೆ ತಿಳೀತಿತ್ತು. ನಾನ ನೋಡೀನಿ."

"ಖರೆ. ಆದ್ರೂ ಹೇಳಾಕ ಬರೂದಿಲ್ಲ."

ಇಂದಿಗೂ ನನಗೆ ಅದಕ್ಕಿಂತ ಹೆಚ್ಚಿನದು ಗೊತ್ತಿಲ್ಲ.

ಅವರು ಉಳಿದದ್ದನ್ನು ಚೊಕ್ಕವಾಗಿ ಹೇಳಿದರು. ನಾಳೆ ಬೆಳಿಗ್ಗೆ ಪಟ್ಟಿ ಬಿಚ್ಚುತ್ತಾರೆ. ಅಂದಿನಿಂದ ತಾಸಿಗೊಮ್ಮೆ ಹನಿ ಹಾಕಬೇಕು. ಮನೆಗೆ ಹೋದ ಮೇಲೂ ವಾರಗಟ್ಟಲೆ ಬಿಡುವಂತಿಲ್ಲ. ಇಷ್ಟು ದೊಡ್ಡ ಪೆಟ್ಟಾದಾಗ ಅಪರೂಪಕ್ಕೆ ಒಳ್ಳೆಯ ಕಣ್ಣೂ ಬಾತು ಹಾಳಾಗುವುದುಂಟು. ಬಲಗಣ್ಣು ಕೆಂಪಾದರೆ, ನೋವಾದರೆ, ಮಸುಕಾದರೆ ಆ ದಿನವೇ ಬರಬೇಕು.

ಅವರು ಹೋದ ಮೇಲೆ ಹೆಂಡತಿ ಕೇಳಿದಳು, "ಅಕ್ಕಾರಿಗೆ ಏನಂತ ಹೇಳೂದ್ರಿ?"

ಮಾವ ನನ್ನ ಕಡೆ ನೋಡಿ ಕೈ ಮುಗಿದ. "ರೊಟ್ಟಿದ್ದ ಮಾತ ಆಕಿ ಮುಂದ ತಗೀಬ್ಯಾಡ್ರಿ, ಸಾಹೇಬ್ರ. ಸಣ್ಣಾವಿದ್ದಾಗಿಂದ ಉಣಿಸಿದ ಕೈ ಅದು. ಗೊತ್ತಾದ್ರ ಮತ್ತ ಯಾರಿಗೂ ಉಣಸಂಗಿಲ್ಲ ಆಕಿ."

"ಡಾಕ್ಟರ್ರು ಏನ್ ಅಂದ್ರೋ ಅಷ್ಟ ಹೇಳೂನು" ಎಂದೆ. "ಹೊಲಿದಾರ. ಕಣ್ಣಿನ ಆಕಾರ ಉಳದೈತಿ. ಯಾಕ ಹಿಂಗಾತು ಅನ್ನೂದು ಹೇಳಾಕ ಬರೂದಿಲ್ಲ." ಅದು ಸುಳ್ಳಾಗಿರಲಿಲ್ಲ. ಬಾಯಿಗೆ ಮಾತ್ರ ಸುಳ್ಳಿನ ಹಾಗೆಯೇ ಹತ್ತಿತು.

ಡ್ರೈವರ್ ಎಂಟು ಗಂಟೆಗೆ ವಾಪಸು ಹೊರಡುವವನಿದ್ದ. ಮರುದಿನ ಬೆಳಿಗ್ಗೆ ನನಗೆ ಡ್ಯೂಟಿ. ಅದಕ್ಕೆ ಮೊದಲು ಒಂದು ಕೆಲಸ ಬಾಕಿ ಇತ್ತು. ಔಷಧಿ ಅಂಗಡಿಯಿಂದ ಕಣ್ಣು ಒಣಗಿದವರಿಗೆ ಕೊಡುವ ಸಾದಾ ಹನಿಯ ಬಾಟಲಿ ತಂದೆ. ವರಾಂಡದ ಬೆಂಚಿನ ಮೇಲೆ ಕೂತು ಕನ್ನಡಕ ತೆಗೆದು, ತಲೆ ಹಿಂದಕ್ಕೆ ಚಾಚಿದೆ.

"ಕೈ ತೊಳಕೊಂಡ ಬಾರವಾ. ನನ್ನ ಕಣ್ಣಿಗೆ ಹಾಕು."

"ನಿಮ್ಮ ಕಣ್ಣಿಗಾ? ನಾ ಒಲ್ಲೆರಿ!"

"ನಾಳಿಂದ ಅವನ ಕಣ್ಣಿಗೆ ನೀ ಹಾಕಾಕಿ. ಇವತ್ತ ತಪ್ಪಿದ್ರ ನಡಿತೈತಿ."

ಈ ಸಲ ಯಾಕೆಂದೂ ಹೇಳಿದೆ. ಗುಡ್ಡೆಯನ್ನು ಮುಟ್ಟಬಾರದು, ಹೊಲಿಗೆ ಬಿಚ್ಚುತ್ತದೆ. ಕೆಳರೆಪ್ಪೆಯನ್ನು ಕೆನ್ನೆಯ ಎಲುಬಿನ ಕಡೆಗೆ ಸ್ವಲ್ಪ ಎಳೆದರೆ ಸಾಕು, ಹನಿ ಕೂರಲು ಜಾಗವಾಗುತ್ತದೆ. ಬಾಟಲಿಯ ತುದಿ ಎಲ್ಲಿಗೂ ತಾಗಬಾರದು, ಕೀವಾಗುತ್ತದೆ. ಆಕೆ ಒಂದೊಂದಕ್ಕೂ ತಿರುಗಿ ಪ್ರಶ್ನೆ ಕೇಳಿದಳು. ಎಲ್ಲಕ್ಕೂ ಉತ್ತರ ಹೇಳಿದೆ.

ಮೊದಲ ಹನಿ ಕೆನ್ನೆಯ ಮೇಲೆ ಬಿತ್ತು. ಎರಡನೆಯದಕ್ಕೆ ಬಾಟಲಿ ರೆಪ್ಪೆಗೂದಲಿಗೆ ತಾಗಿತು. "ತಾಗಿತ್ರಿ" ಎಂದು ಆಕೆಯೇ ಹೇಳಿ, ತುದಿ ಒರೆಸಿಕೊಂಡಳು. ಮೂರನೆಯದು ಸರಿಯಾಗಿ ಒಳಗೆ ಬಿತ್ತು. ನಾಲ್ಕನೆಯದನ್ನೂ ಹಾಕಿಸಿದೆ, ಅದೂ ಸರಿಯಾಯಿತು. ಏಳೂ ಐವತ್ತು. ಬಾಟಲಿಗೆ ಮುಚ್ಚಳ ತಿರುಗಿಸಿ ಆಕೆಯ ಕೈಗೆ ಕೊಟ್ಟು, ಕನ್ನಡಕ ಹಾಕಿಕೊಂಡೆ.